ನಾಗವೇಣಿಯ ಬಿಳಿ ಹಲ್ಲು

ಬಚ್ಚಲುಮನೆಯಿಂದ ನಿಂಬೆಹಣ್ಣಿನ ವಾಸನೆ ಬಂತು. ಹೋಗಿ ನೋಡಿದರೆ ಮಗಳು ಸ್ನೇಹಾ ನಿಂಬೆರಸಕ್ಕೆ ಅಡುಗೆಸೋಡ ಕಲಸಿ, ನೊರೆ ಎಬ್ಬಿಸಿ, ಬ್ರಷ್ಷಿಗೆ ಹಚ್ಚಿಕೊಳ್ಳುತ್ತಿದ್ದಳು. ಕಿಟಕಿಯ ಮೇಲೆ ಮೊಬೈಲು. ಅದರೊಳಗೆ ಒಬ್ಬಾಕೆ ಹಲ್ಲು ಕಿರಿದು ಪಾಠ ಹೇಳುತ್ತಿದ್ದಳು.

"ಮನಿಯಾಗ ಬೆಳ್ಳಗ ಮಾಡ್ಕೋಬಹುದಂತಮ್ಮ. ಡಾಕ್ಟ್ರ ಕಡಿ ಹೋಗೂದೇ ಬ್ಯಾಡಂತ."

ನಾನು ಬಟ್ಟಲು ಕಿತ್ತುಕೊಳ್ಳಲಿಲ್ಲ. ಕಾಲೇಜಿಗೆ ಹೋಗುವ ಮಗಳಿಂದ ಏನನ್ನಾದರೂ ಕಿತ್ತುಕೊಂಡು ಗೆದ್ದ ತಾಯಿ ನಿಮಗೆ ಗೊತ್ತಿದ್ದರೆ ನನಗೂ ಹೇಳಿ. ಸುಮ್ಮನೆ ಬಾಗಿಲಲ್ಲಿ ನಿಂತೆ. ನೆನಪಾದವಳು ನನ್ನ ತಂಗಿ ನಾಗವೇಣಿ.

ನಮ್ಮೂರು ಕೂಡ್ಲಿಗಿ ಕಡೆಯದು. ಕುಡಿಯಲು ಕೊಳವೆಬಾವಿಯ ನೀರು. ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತಿತ್ತು. ಫ್ಲೋರೈಡ್ ಎಂಬ ಹೆಸರು ಆಮೇಲೆ ಬಂತು. ಆಗೆಲ್ಲ ಅದು ಹಲ್ಲುಜ್ಜದವರ ಹೊಲಸು ಎಂದೇ ಲೆಕ್ಕ. ನನ್ನನ್ನು ಎಳೆಯವಳಿದ್ದಾಗಲೇ ಅಜ್ಜಿ ಹಂಪಸಾಗರಕ್ಕೆ ಕರೆದುಕೊಂಡು ಹೋಗಿ ಸಾಕಿದಳು. ಹೊಳೆಯ ನೀರು ಕುಡಿದ ನನ್ನ ಹಲ್ಲು ಬೆಳ್ಳಗೆ ಬಂದವು. ಅವ್ವನ ಹತ್ತಿರವೇ ಉಳಿದ ನಾಗವೇಣಿಯವು ತುಕ್ಕು ಹಿಡಿದ ಹಾಗಾದವು. ಬಹಳ ವರ್ಷ ನಾನು ಇದೆಲ್ಲ ನನ್ನ ಬೇವಿನಕಡ್ಡಿಯ ಮಹಿಮೆ ಎಂದುಕೊಂಡು ಬೀಗುತ್ತಿದ್ದೆ.

ಅವಳೋ ನಗೆಗಾತಿ. ಯಾರು ಏನಂದರೂ ಮೊದಲು ಅವಳಿಗೇ ನಗು. ಶಾಲೆಯಲ್ಲಿ 'ತುಕ್ಕಿನ ನಾಗಿ' ಎಂದು ಕರೆದರೂ ನಕ್ಕಳಂತೆ. ಮುಂದೆ ಕೊಟ್ಟೂರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಸೀರೆಯನ್ನು ಮುಟ್ಟಿದರೆ ಸಾಕು, ಯಾವ ಊರಿನ ನೇಯ್ಗೆ ಎಂದು ಹೇಳುತ್ತಿದ್ದಳು. ಆದರೂ ಮಾಲೀಕರು ಅವಳನ್ನು ಹಿಂದಿನ ಕೋಣೆಯಲ್ಲಿ ಸೀರೆ ಮಡಚಲು ಹಾಕಿದರು. "ಗಿರಾಕಿ ಮುಂದ ಚೆಂದ ಕಾಣಬೇಕವ್ವ" ಎಂದರಂತೆ. ಆ ಮಾತಿಗೆ ಮಾತ್ರ ಅವಳಿಗೆ ನಗು ಬರಲಿಲ್ಲ.

ಅಲ್ಲಿಂದ ಶುರುವಾಯಿತು. ಇದ್ದಿಲು, ಉಪ್ಪು, ನಿಂಬೆ, ಸೋಡ. ವಸಡು ಕಿತ್ತು ರಕ್ತ ಬಂತೇ ಹೊರತು ಕಲೆ ಹೋಗಲಿಲ್ಲ. ಕೊನೆಗೆ ಒಂದು ಸಂತೆಯಲ್ಲಿ ಕೊಡೆಯ ಕೆಳಗೆ ಸೀಸೆಗಳನ್ನಿಟ್ಟುಕೊಂಡು ಕೂತವನ ಮುಂದೆ ಬಾಯಿ ತೆರೆದಳು. ಅವನು ಹತ್ತಿಯನ್ನು ಅದ್ದಿ ಹಲ್ಲಿನ ಮೇಲೆ ಒರೆಸಿದ. ಉರಿ ಉರಿ ಎಂದಳಂತೆ. ಔಷಧ ಹಿಡೀತೈತಿ, ತಡಕೊಳ್ಳವ್ವ ಎಂದನಂತೆ.

ಅಂದು ನಾನೂ ಅವ್ವನ ಮನೆಗೆ ಬಂದಿದ್ದೆ. ಸಂಜೆ ಬಂದವಳು ಹೊಸ್ತಿಲಲ್ಲೇ ನಿಂತು, "ಯಕ್ಕಾ, ನೋಡಿಲ್ಲಿ!" ಎಂದಳು. ನಿಜಕ್ಕೂ ಬಿಳಿ. ಸುಣ್ಣ ಬಳಿದ ಗೋಡೆಯಂಥ ಬಿಳಿ. ಅವ್ವ ದೃಷ್ಟಿ ತೆಗೆದಳು. ಅಂಗಡಿಯಲ್ಲಿ ಅವಳನ್ನು ಮುಂದೆ ಕೂರಿಸಿದರು. ಮದುವೆಯ ಜವಳಿಗೆ ಬಂದ ಹೆಂಗಸರು ಅವಳನ್ನೇ ಕೇಳುತ್ತಿದ್ದರಂತೆ. ನನ್ನ ತಂಗಿ ಅಷ್ಟು ಸುಖವಾಗಿದ್ದ ದಿನಗಳನ್ನು ನಾನು ಮತ್ತೆ ನೋಡಲಿಲ್ಲ.

ಮೊದಲು ತಣ್ಣೀರು ಚುಚ್ಚತೊಡಗಿತು. ಆಮೇಲೆ ಗಾಳಿ. ಒಂದು ದಿನ ರೊಟ್ಟಿ ಕಡಿಯುವಾಗ ಮುಂದಿನ ಹಲ್ಲಿನ ಚೂರು ಕೈಗೆ ಬಂತು. ವಸಡಿನಲ್ಲಿ ಕೀವಾಗಿ, ಮುಖ ಊದಿ, ಕಣ್ಣು ಮುಚ್ಚಿಹೋಯಿತು. ಹೊಸಪೇಟೆಗೆ ಕರೆದುಕೊಂಡು ಓಡಿದೆವು. ಅಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಯಿಗೆ ದೀಪ ಹಿಡಿದು ಒಂದೊಂದೇ ಹಲ್ಲು ಮುಟ್ಟಿ ನೋಡಿದಳು.

"ಆ್ಯಸಿಡ್ ಒರಸ್ಯಾನ್ರಿ. ಕಲೆ ಜೋಡಿ ಹಲ್ಲಿನ ಮ್ಯಾಲಿನ ಪದರಾನೂ ಹೋಗೈತಿ. ಮೊದ್ಲ ಬಂದಿದ್ರ ಮ್ಯಾಲಿಂದಷ್ಟ ತಿಕ್ಕಿ, ಬ್ಲೀಚ್ ಮಾಡಿ ನೋಡ್ತಿದ್ವಿ. ಅದಕ್ಕೂ ಹೋಗಲಿಲ್ಲಂದ್ರ ಮುಚ್ಚಾಕ ಕ್ಯಾಪ್ ಇರ್ತಾವ್ರಿ."

"ಈಗ?" ಎಂದಳು ನಾಗವೇಣಿ.

"ಈಗ ತೆಗೀಬೇಕವ್ವ."

ಮೇಲಿನ ಸಾಲು ಹೋಯಿತು, ಮರುವರ್ಷ ಕೆಳಗಿನದೂ. ಹಲ್ಲಿನ ಸೆಟ್ ಬಂತು. ಅದನ್ನು ಹಾಕಿಕೊಂಡರೆ ಗುರುತು ಸಿಗದಷ್ಟು ಚೆಂದ. ಅಂಗಡಿಯವರು ಮತ್ತೆ ಕರೆದರು, ಇವಳು ಹೋಗಲಿಲ್ಲ. ಸೀರೆಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಳು. ಆಗ ಅವಳಿಗೆ ಮೂವತ್ತೂ ಆಗಿರಲಿಲ್ಲ.

ಈಗ ನಾವಿಬ್ಬರೂ ಹಗರಿಬೊಮ್ಮನಹಳ್ಳಿಯಲ್ಲಿ ಅಕ್ಕಪಕ್ಕದ ಓಣಿಯಲ್ಲಿದ್ದೇವೆ. ನಾನು ಫೋನ್ ಮಾಡಿ ಇಷ್ಟೇ ಹೇಳಿದೆ: "ಸ್ನೇಹಾ ಹಲ್ಲಿಗೆ ಏನೇನೋ ಹಚ್ಚಾಕತ್ಯಾಳ." ಒಲೆ ಮೇಲಿದ್ದುದನ್ನು ಇಳಿಸಿ ಬಂದಳು. ಮಗಳ ಎದುರಿಗೆ ಕೂತು, ಎರಡೂ ಸೆಟ್ ತೆಗೆದು ಅಂಗೈಯಲ್ಲಿ ಹಿಡಿದಳು. ಕೆನ್ನೆ ಒಳಗೆ ಕುಸಿಯಿತು. ಇಷ್ಟು ವರ್ಷದಲ್ಲಿ ನಾನೂ ಅವಳನ್ನು ಹಾಗೆ ನೋಡಿರಲಿಲ್ಲ. ನನಗಿಂತ ಚಿಕ್ಕವಳು ನನ್ನ ಕಣ್ಣೆದುರೇ ಮುದುಕಿಯಾಗಿದ್ದಳು.

"ಇವೂ ಬೆಳ್ಳಗ ಅದಾವ, ನೋಡು" ಎಂದಳು. ಮಾತು ಗಾಳಿಯಂತೆ ಬಂತು.

ಸ್ನೇಹಾ, "ಚಿಗವ್ವಾ..." ಎಂದು ಅಳಲು ಶುರುಮಾಡಿದಳು.

ಮರುದಿನವೇ ಮೂವರೂ ಇಲ್ಲಿಯ ಹಲ್ಲಿನ ಡಾಕ್ಟರ ಬಳಿಗೆ ಹೋದೆವು. ಮಗಳದು ಚಾದ ಕಲೆಯಂತೆ, ಸ್ವಚ್ಛ ಮಾಡಿದರೆ ಸಾಕಂತೆ. ಕೆಲಸ ಬೇಗ ಮುಗಿಯಿತು. ಡಾಕ್ಟರು ಕೈ ಒರೆಸಿಕೊಳ್ಳುತ್ತಾ ನಾಗವೇಣಿಯ ಕಡೆ ತಿರುಗಿದರು. "ನಿಮ್ಮವೂ ನೋಡ್ಲೇನ್ರಿ? ಭಾಳ ಚೆಂದ ಇಟಗೊಂಡೀರಿ."

"ಬ್ಯಾಡ್ರಿ" ಎಂದಳು ನನ್ನ ತಂಗಿ. "ನಂದು ಮುಗದೈತ್ರಿ."

ನನ್ನ ಬಾಯಿ ತುಂಬ ಹಲ್ಲಿದ್ದವು. ಸೆರಗೆಳೆದು ಅವನ್ನು ಮುಚ್ಚಿಕೊಂಡೆ.