ಗಟ್ಟಿಮೇಳಕ್ಕೆ ಮುನ್ನ ಎದ್ದುಹೋಗುತ್ತಿದ್ದ ಸುಮಿತ್ರಮ್ಮ

ರಾಮಕೃಷ್ಣನಗರದ ನಮ್ಮ ಬಡಾವಣೆಯ ಸಂಘದವರು ಹೊರತರುವ ವಾರ್ತಾಪತ್ರದಲ್ಲಿ ಶ್ರೀಮತಿ ಸುಮಿತ್ರಮ್ಮನವರ ಬಗ್ಗೆ ಒಂದು ಬರಹ ಪ್ರಕಟವಾಗಿದೆ. ‘ವಿಧವೆಯೆಂಬ ಅಳುಕಿನಿಂದ ಮದುವೆಮನೆಗಳಲ್ಲಿ ಮುಹೂರ್ತಕ್ಕೆ ಮುನ್ನವೇ ಎದ್ದುಹೋಗುತ್ತಿದ್ದ ಈ ತಾಯಿ, ಮಗಳ ಮದುವೆಯಲ್ಲಿ ಮೌಢ್ಯವನ್ನು ಮೆಟ್ಟಿ ನಿಂತರು’ ಎಂದು ಅದರಲ್ಲಿದೆ. ಬರೆದವರು ಅವರ ಮೈದುನ ಲೋಕೇಶ್. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಆಗಿನದನ್ನೂ ಈಗಿನದನ್ನೂ ಕಣ್ಣಾರೆ ಕಂಡವನಾಗಿ, ಸುಮಿತ್ರಮ್ಮನವರ ಒಪ್ಪಿಗೆ ಪಡೆದು, ನಡೆದದ್ದನ್ನು ಬರೆಯುತ್ತಿದ್ದೇನೆ.

ಅವರ ಪತಿ ಚಾಮಯ್ಯನವರು ತೀರಿಕೊಂಡದ್ದು ೨೦೧೧ರಲ್ಲಿ. ನನ್ನ ತಂಗಿಯ ಮದುವೆ ನಡೆದದ್ದು ೧೯೯೨ರಲ್ಲಿ. ಆ ಮದುವೆಯಲ್ಲಿ ಚಾಮಯ್ಯನವರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದರು. ಪುರೋಹಿತರು ಮಾಂಗಲ್ಯದ ತಟ್ಟೆಯನ್ನು ಸಭೆಗೆ ಕಳುಹಿಸುತ್ತಿದ್ದಂತೆ ಪಕ್ಕದಲ್ಲಿದ್ದ ಸುಮಿತ್ರಮ್ಮ ಎದ್ದು ಹೊರಗೆ ಹೋದರು. ಅಕ್ಷತೆಯೆಲ್ಲ ಮುಗಿದ ಮೇಲೆ ಊಟದ ಹಾಲ್‌ನಲ್ಲಿ ಸಿಕ್ಕರು. ಪತಿ ಜೀವಂತವಾಗಿ ಎದುರಿಗಿರುವಾಗ ವೈಧವ್ಯದ ಅಳುಕು ಎಲ್ಲಿಂದ ಬರಬೇಕು? ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಶ್ರಮವನ್ನು ಲೋಕೇಶ್ ತೆಗೆದುಕೊಂಡಿಲ್ಲ.

ಕಾರಣ ಹಳೆಯದು. ೧೯೮೪ರಲ್ಲಿ ನಮ್ಮ ಎರಡು ಕುಟುಂಬಗಳೂ ದೇವರಾಜ ಮೊಹಲ್ಲಾದ ಒಂದೇ ಓಣಿಯಲ್ಲಿದ್ದವು. ಚಾಮಯ್ಯನವರಿಗೆ ಮಾರ್ಕೆಟ್ಟಿನಲ್ಲಿ ಅರಿಶಿನ ಕುಂಕುಮದ ಅಂಗಡಿ. ಅವರ ಮನೆಯ ಹಿಂಗೋಡೆಗೆ ಒತ್ತಿಕೊಂಡೇ ಒಂದು ಛತ್ರವಿತ್ತು. ಆ ಮಾಘಮಾಸದಲ್ಲಿ ಅವರ ಮೊದಲ ಮಗಳು, ಮೂರು ವರ್ಷದ ಸರ್ವಮಂಗಳ, ಜ್ವರದಿಂದ ಮಲಗಿದಳು. ಮಂಗಳಾ ಎಂದೇ ಎಲ್ಲರೂ ಕರೆಯುತ್ತಿದ್ದೆವು. ಒಂದು ಬೆಳಿಗ್ಗೆ ಚಾಮಯ್ಯನವರು ವೈದ್ಯರನ್ನು ಕರೆತರಲು ಹೋಗಿದ್ದಾಗ ಮಗು ತಾಯಿಯ ತೊಡೆಯ ಮೇಲೆ ಪ್ರಾಣ ಬಿಟ್ಟಿತು. ಅದೇ ಗಳಿಗೆಗೆ ಛತ್ರದಲ್ಲಿ ಗಟ್ಟಿಮೇಳ ಮೊಳಗಿತು. ತಾಯಿ ಕೂಗಿಕೊಂಡದ್ದು ಓಣಿಯಲ್ಲಿ ಯಾರಿಗೂ ಕೇಳಿಸಲಿಲ್ಲ. ನಾನು ಎದುರು ಮನೆಯ ಜಗಲಿಯ ಮೇಲೆಯೇ ಇದ್ದೆ, ನನಗೂ ಕೇಳಿಸಲಿಲ್ಲ. ವಾದ್ಯ ನಿಂತ ಮೇಲೆ ನಾವೆಲ್ಲ ಓಡಿದೆವು.

ವಾಲಗದ ಮೇಲೆ ಅವರಿಗೆ ಮುನಿಸಿರಲಿಲ್ಲ ಎಂಬುದನ್ನೂ ಹೇಳಬೇಕು. ರೇಡಿಯೋದಲ್ಲಿ ನಾದಸ್ವರ ಬಂದರೆ ಕೈಕೆಲಸ ಬಿಟ್ಟು ಕೇಳುತ್ತಿದ್ದರು, ಮೆಲ್ಲಗೆ ಗುನುಗುತ್ತಿದ್ದರು. ತಾಳಿ ಕಟ್ಟುವ ಹೊತ್ತಿನ ಆ ಒಂದು ಅಬ್ಬರ ಮಾತ್ರ ಅವರ ಪಾಲಿಗೆ ಮದುವೆಯದಾಗಿ ಉಳಿದಿರಲಿಲ್ಲ. ಆಮೇಲೆ ಹುಟ್ಟಿದ ವಾಣಿಗೆ ಅಕ್ಕನ ಭಾವಚಿತ್ರ ಗೊತ್ತಿತ್ತು. ಈ ಸಂಗತಿ ಗೊತ್ತಿರಲಿಲ್ಲ.

ಕಳೆದ ವರ್ಷ ವಾಣಿಯ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯ ಕರಡು ತಿದ್ದಲು ನನ್ನನ್ನು ಕರೆಸಿದ್ದರು. ವಾಣಿ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ನೇರ ಮಾತಿನವಳು.

“ಧಾರೆ ನೀನೇ ಎರೀಬೇಕು. ಚಿಕ್ಕಪ್ಪ ಅಲ್ಲ” ಎಂದಳು.

“ನನ್ನ ಬುಟ್‌ಬುಡೇ” ಎಂದರು ಸುಮಿತ್ರಮ್ಮ.

“ಆ ಕಾಲ ಹೋಯ್ತು ಕಣಮ್ಮ. ಅಪ್ಪ ಇಲ್ಲ ಅಂತ ಮೂತಿ ತಿರುಗಿಸೋರು ತಿರುಗಿಸ್ಕೊಳ್ಳಲಿ. ಹೋಳಿಗೆ ಉಳಿಯುತ್ತೆ.”

“ಅದಲ್ಲ ಕಣೇ.”

“ಮತ್ತಿನ್ನೇನು?”

ಸುಮಿತ್ರಮ್ಮ ನನ್ನ ಮುಖ ನೋಡಿದರು. ನಾನು ಕರಡನ್ನು ಮಡಿಸಿದೆ. ಮಂಗಳಾ ಹೋದ ಬೆಳಗಿನ ಸಂಗತಿಯನ್ನು ಅವರೇ ಹೇಳಿದರು, ಹೆಚ್ಚು ಮಾತಿಲ್ಲದೆ. ಧಾರೆ ಎರೆದವರು ಮಾಂಗಲ್ಯಧಾರಣೆ ಮುಗಿಯುವವರೆಗೆ ಮಂಟಪದಿಂದ ಏಳುವಂತಿಲ್ಲ. ಅವರ ಭಯವೆಲ್ಲ ಅಷ್ಟೇ.

ವಾಣಿ ಎದ್ದು ಅಕ್ಕನ ಭಾವಚಿತ್ರದ ಮುಂದೆ ಹೋಗಿ ನಿಂತಳು. ಕೊನೆಗೆ, “ಹಾಗಾದ್ರೆ ವಾಲಗಾನೇ ಬೇಡ ಬಿಡಮ್ಮ. ಸ್ಪೀಕರಲ್ಲಿ ಕೊಳಲು ಹಾಕ್ಸಿದ್ರಾಯ್ತು” ಎಂದಳು.

“ಗಟ್ಟಿಮೇಳ ಇಲ್ದೆ ತಾಳಿ ಕಟ್ಟಿಸ್ಕೋತಾಳಂತೆ. ತಿಂಡಿ ತಿಂತಾ ಕೂತಿರೋರಿಗೆ ಮುಹೂರ್ತ ಆಯ್ತು ಅಂತ ಎಂಗೆ ಗೊತ್ತಾಗ್ಬೇಕು? ಕೊಳಲು ಕೇಳ್ಕೊಂಡು ಇನ್ನೊಂದು ದೋಸೆ ಹಾಕಿಸ್ಕೋತಾರೆ” ಎಂದರು ತಾಯಿ. ವಾಣಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಡೋಲು ಬಾರಿಸುವ ಬಸವರಾಜು ವೀಳ್ಯ ತೆಗೆದುಕೊಳ್ಳಲು ಬಂದದ್ದು ಆಗಲೇ. ಸುಮಿತ್ರಮ್ಮ ಕಾರಣ ಹೇಳದೆ, “ಗಟ್ಟಿಮೇಳ ಸ್ವಲ್ಪ ಮೆತ್ತಗೆ ಬಾರಿಸಪ್ಪ” ಎಂದು ಕೇಳಿದರು.

“ಮೆತ್ತಗೆ ಬಾರ್ಸಿದ್ರೆ ಅದು ಗಟ್ಟಿಮೇಳ ಎಂಗಾಯ್ತದಮ್ಮ?” ಎಂದು ಆತ ನಕ್ಕ. “ಆ ಹೊತ್ನಲ್ಲಿ ಯಾರೋ ಸೀನ್ತಾರೆ, ಯಾರೋ ಅಡುಗೆಯೋನ್ನ ಬಯ್ತಾರೆ, ಯಾರೋ ಅಳ್ತಾರೆ. ಅದ್ಯಾವ್ದೂ ತಾಳಿ ಕಟ್ಟೋರ ಕಿವಿಗೆ ಬೀಳ್ಬಾರ್ದು ಅಂತಲೇ ನಮ್ಮನ್ನ ಕರ್ಸೋದು. ಅಳೋರೇ ಜಾಸ್ತಿ, ಕೇಳ್ರಿ. ಆರಾಮಾಗಿ ಅಳ್ತಾರೆ.”

ಸುಮಿತ್ರಮ್ಮ ತಾಂಬೂಲದ ತಟ್ಟೆ ಹಿಡಿದುಕೊಂಡೇ ನಿಂತರು. ಆತ ಕೈಚಾಚಿ ತೆಗೆದುಕೊಳ್ಳಬೇಕಾಯಿತು. ಆತ ಹೋದ ಮೇಲೆ ಮಗಳಿಗೆ, “ಧಾರೆ ನಾನೇ ಎರೀತೀನಿ. ಕೂತಿರೋಕಾಗುತ್ತೋ ಇಲ್ವೋ ಗೊತ್ತಿಲ್ಲ” ಎಂದರು.

ಮದುವೆಯ ದಿನ ಅವರು ಧಾರೆಯೆರೆದು ಮಗಳ ಪಕ್ಕದಲ್ಲಿ ಕುಳಿತರು. ಮಾಂಗಲ್ಯದ ತಟ್ಟೆ ಸಭೆಯನ್ನೆಲ್ಲ ಸುತ್ತಿ ಮಂಟಪಕ್ಕೆ ಮರಳಿತು. ಅವರ ಬಲಗೈ ನೆಲಕ್ಕೆ ಊರಿತ್ತು, ಏಳಲು ಹೊರಟವರ ಹಾಗೆ. ಪುರೋಹಿತರು ಕೈಯೆತ್ತಿದರು, ಬಸವರಾಜು ಬಾರಿಸಿದ, ಕಿಂಚಿತ್ತೂ ಮೆತ್ತಗಲ್ಲದೆ. ಆಗ ಸುಮಿತ್ರಮ್ಮನವರ ಬಾಯಿ ತೆರೆಯಿತು. ಕತ್ತಿನ ನರಗಳು ಬಿಗಿದದ್ದನ್ನು ಮುಂದಿನ ಸಾಲಿನಲ್ಲಿದ್ದ ನಾನು ಸ್ಪಷ್ಟವಾಗಿ ಕಂಡೆ. ಅವರು ಶಕ್ತಿಯಿದ್ದಷ್ಟೂ ಕೂಗುತ್ತಿದ್ದರು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಸಭೆಗೆ ಡೋಲು ನಾದಸ್ವರಗಳಲ್ಲದೆ ಬೇರೇನೂ ಕೇಳಿಸಲಿಲ್ಲ. ಕೈ ನೆಲದಿಂದ ಮೇಲೆದ್ದು ಮಡಿಲಿಗೆ ಬಂದಿತ್ತು. ಅವರು ಏಳಲಿಲ್ಲ.

ಲೋಕೇಶ್ ಮಂಟಪದ ಕಂಬದ ಬಳಿ ನಿಂತಿದ್ದರು. ‘ಅತ್ತಿಗೆಯವರು ಆನಂದಬಾಷ್ಪ ಸುರಿಸುತ್ತ ಮಂಗಳ, ಮಂಗಳ ಎಂದು ವಧೂವರರನ್ನು ಹರಸಿದರು’ ಎಂಬುದು ಅವರ ಬರಹದ ಇನ್ನೊಂದು ವಾಕ್ಯ. ತುಟಿಯ ಚಲನೆಯಿಂದ ಊಹಿಸಿದ ಶಬ್ದ ಸರಿಯಾಗಿದೆ. ಅದು ಹರಕೆಯಲ್ಲ, ಒಂದು ಮಗುವಿನ ಹೆಸರು. ಸ್ವಂತ ಅಣ್ಣನ ಮಗಳ ಹೆಸರು ಅವರಿಗೆ ನೆನಪಾಗದಿದ್ದುದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಅಕ್ಷತೆ ಹಾಕಲು ನಾನು ಮಂಟಪ ಹತ್ತಿದಾಗ ತಾಯಿ ಮಗಳು ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದರು.

“ಕೂಗ್ಬುಟ್ಟೆ ಕಣೇ.”

“ಯಾರಿಗೂ ಕೇಳಿಸ್ಲಿಲ್ಲಮ್ಮ.”

“ನಿಂಗೆ?”

“ನಾನು ಪಕ್ಕದಲ್ಲೇ ಇದ್ನಲ್ಲ” ಎಂದಳು ವಾಣಿ. “ಅಕ್ಕನ್ನ ಕರೆದೆ ನೀನು.”

ಸುಮಿತ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಅದೇ ಸೆರಗಿನಿಂದ ಮಗಳ ಹಣೆಗಂಟಿದ್ದ ಅಕ್ಷತೆಯನ್ನು ಒರೆಸಿದರು. “ತಲೆ ಬಗ್ಗಿಸ್ಕೋ, ಕಣ್ಣಿಗೆ ಬೀಳ್ತದೆ. ಇನ್ನೂ ಬೇಕಾದಷ್ಟು ಜನ ಇದಾರೆ” ಎಂದವರು, ನಾನು ಕೆಳಗಿಳಿಯುವಾಗಲೂ ಅಲ್ಲಿಯೇ ಕುಳಿತಿದ್ದರು.