ದ್ರೌಪತಿ ಆರಿಸಿದ ಸ್ಕ್ಯಾನರ್

೧೯೯೩ರಲ್ಲಿ ರಾಜೇಶ್ವರದ ಕಡೆಯ ಒಂದು ಹಳ್ಳಿಯಲ್ಲಿ ಶಾಲೆಯ ಹೊಸ ಕಟ್ಟಡದ ಮುಂದೆ ಫೋಟೊ ತೆಗೆದರು. ಕಟ್ಟಡಕ್ಕೆ ಕಲ್ಲು ಹೊತ್ತ ಹೆಂಗಸರು ಬಲತುದಿಯಲ್ಲಿ ನಿಂತಿದ್ದರು. ಶಾಲೆಯ ಗೋಡೆಗೆ ಹಾಕಿದ ಫೋಟೊದಲ್ಲಿ ಅವರಿಲ್ಲ.

ಆ ಹೆಂಗಸರಲ್ಲಿ ಒಬ್ಬಳು ಸಖುಬಾಯಿ. ಅವಳ ಮಗಳು ದ್ರೌಪತಿ ಈಗ, ಹದಿನಾಲ್ಕು ವರ್ಷಗಳ ನಂತರ, ಬಸವಕಲ್ಯಾಣದ ಒಂದು ಮನೆಯ ಹಿಂಬದಿ ಕೋಣೆಯಲ್ಲಿ ನಸುಕಿನಲ್ಲೇ ಸ್ಕ್ಯಾನರಿನ ಗಾಜು ಒರೆಸುತ್ತಿದ್ದಾಳೆ. ಬೀದಿ ಗುಡಿಸಲು ಶುರುವಾದರೆ ಧೂಳೇಳುತ್ತದೆ, ಬಿಸಿಲೇರಿದರೆ ಕರೆಂಟು ಹೋಗುತ್ತದೆ. ಅದಕ್ಕೂ ಮುಂಚಿನ ಹೊತ್ತೇ ಅವಳದು. ಹತ್ತಿಯ ಹಳೆ ಸೀರೆಯ ತುಂಡಿನಿಂದ ಒರೆಸಿ, ನೆಗೆಟಿವ್ ಪಟ್ಟಿಯನ್ನು ಎರಡೇ ಬೆರಳಿನಲ್ಲಿ ಹಿಡಿದು ಗಾಜಿನ ಮೇಲೆ ಇಳಿಸುತ್ತಾಳೆ.

“ಏನ್ ನಾಜೂಕವ್ವಾ! ರೊಟ್ಟಿನೂ ಹಿಂಗ ಮಾಡಿದ್ರ ನಿನ್ನ ಗಂಡ ತಕರಾರಿಲ್ದ ಉಣ್ತಿದ್ದ” ಎಂದು ಬಾಗಿಲಲ್ಲಿ ಚಹಾ ಹಿಡಿದು ನಿಂತ ಮಾಣಿಕಮ್ಮ ಛೇಡಿಸುತ್ತಾರೆ.

“ರೊಟ್ಟಿ ಹೊತ್ತಿದ್ರ ಮತ್ತೊಂದು ತಟ್ಟಬಹುದ್ರಿ ಅಮ್ಮಾರ. ಇದು ಹೋದ್ರ ಹೋತು.”

ಮಾಣಿಕಮ್ಮ ಈ ಮನೆಯೊಡತಿ, ಊರಿನ ಹಳೆಯ ಫೋಟೊ ಸ್ಟುಡಿಯೋದ ಮಾಲೀಕ ವೀರಭದ್ರಪ್ಪನವರ ಹೆಂಡತಿ. ಆ ಸ್ಟುಡಿಯೋದ ಕತ್ತಲಕೋಣೆಯಲ್ಲಿ ದ್ರೌಪತಿ ಪ್ರಿಂಟು ತೊಳೆಯುವ ಕೆಲಸಕ್ಕೆ ಸೇರಿದಾಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಅವಳ ಕೈಯ ನೀರು ಮುಟ್ಟದ ಮನೆಗಳ ಮದುವೆ ಫೋಟೊಗಳೆಲ್ಲ ಅವಳೇ ಹಿಡಿದಿಟ್ಟ ನೀರಿನಲ್ಲಿ ಮುಳುಗೆದ್ದು ಹೊರಬಂದವು. ಅದರಿಂದ ಯಾರ ಮಡಿಯೂ ಕೆಡಲಿಲ್ಲ.

ಶಾಲೆಯ ಫೋಟೊದ ನೆಗೆಟಿವನ್ನೂ ಅವಳೇ ಒಣಗಲು ಹಾಕಿದ್ದಳು. ಅದರಲ್ಲಿ ಎಲ್ಲರೂ ಇದ್ದರು. ಆದರೆ ದೊಡ್ಡ ಪೇಪರಿನ ಉದ್ದ ಸಾಲದೆ ಒಂದು ತುದಿ ಬಿಡಬೇಕಾಯಿತು. ಬಲತುದಿಯನ್ನು ಬಿಡಿ ಎಂದು ಕಮಿಟಿಯವರು ಹೇಳಿ ಹೋಗಿದ್ದರು.

“ನಮ್ಮ ಸ್ಟುಡಿಯೋ ಸಾವ್ಕಾರ್ರು ಕೆಟ್ಟವರಲ್ರಿ. ಕಮಿಟಿಯವರು ಹೇಳಿದ್ರು, ಇವರು ಬಿಟ್ರು. ಮುಂದಿನ ವರ್ಷ ಅವ್ವ ಹೋದಳು. ಆಕಿದು ಬ್ಯಾರೆ ಫೋಟೊನೇ ಇಲ್ರಿ. ಪೂರಾ ಜಿಂದಗಿಗೆ ಅದೊಂದೇ, ಅದೂ ನೆಗೆಟಿವ್‌ದಾಗ” ಎಂದು ಕೇಳಿದವರಿಗೆ ಹೇಳುತ್ತಾಳೆ ದ್ರೌಪತಿ.

ಡಿಜಿಟಲ್ ಕ್ಯಾಮೆರಾ ಬಂತು, ಪೇಪರ್ ಸಿಗದಾಯಿತು, ವೀರಭದ್ರಪ್ಪ ತೀರಿಕೊಂಡರು, ಸ್ಟುಡಿಯೋ ಮುಚ್ಚಿತು. ಡಬ್ಬಗಳಲ್ಲಿದ್ದ ನೆಗೆಟಿವ್‌ಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಇಬ್ಬರೂ ಹೆಂಗಸರು ಸ್ಕ್ಯಾನರ್ ಹುಡುಕಲು ಹುಮನಾಬಾದಿನ ಬಸ್ಸು ಹತ್ತಿದರು.

ಅಲ್ಲಿಯ ಕಂಪ್ಯೂಟರ್ ಅಂಗಡಿಯ ದೇವಿದಾಸ ಮೊದಲು ತೋರಿಸಿದ್ದು ಬರೀ ಫಿಲ್ಮಿಗೆಂದೇ ಮಾಡಿದ ಸಣ್ಣ ಯಂತ್ರ. ಕೂದಲೆಳೆಯೂ ಕಾಣುವಷ್ಟು ಸ್ಪಷ್ಟ. ಆದರೆ ಅಗಲ ಫಿಲ್ಮು ಅದರ ಬಾಯಿಗೆ ಹಿಡಿಸದು. ವೀರಭದ್ರಪ್ಪನವರ ಅರ್ಧ ಆಯುಷ್ಯದ ಕೆಲಸ ಅಗಲ ಫಿಲ್ಮಿನದೇ. ಎರಡನೆಯದರಲ್ಲಿ ನೆಗೆಟಿವನ್ನು ಪ್ಲಾಸ್ಟಿಕ್ ಚೌಕಟ್ಟಿಗೆ ಸಿಕ್ಕಿಸಬೇಕಿತ್ತು. ದ್ರೌಪತಿ ಶಾಲೆಯ ನೆಗೆಟಿವನ್ನೇ ಸಿಕ್ಕಿಸಿ ನೋಡಿದಳು. ಚೌಕಟ್ಟಿನ ಅಂಚು ಸಖುಬಾಯಿಯ ಅರ್ಧ ಮುಖ ಮುಚ್ಚಿತ್ತು.

“ಎಲ್ಲಾರೂ ಫೋಟೊದ ನಡು ನೋಡ್ತಾರ. ನೀವೇನ್ ಅಕ್ಕಾರ, ತುದಿ ನೋಡಾಕತ್ತೀರಿ?” ದೇವಿದಾಸ ನಕ್ಕಿದ್ದ.

“ನಡುವ ನಿಂತವರನ್ನ ಎಲ್ಲಾರೂ ನೋಡ್ಯಾರ ಬಿಡಪಾ.”

ಮೂರನೆಯದರ ಮುಚ್ಚಳದೊಳಗೆ ಅಗಲವಾದ ಬೆಳಕಿತ್ತು. ಚೌಕಟ್ಟಿನ ಹಂಗಿಲ್ಲದೆ ನೆಗೆಟಿವನ್ನು ನೇರ ಗಾಜಿನ ಮೇಲೆ ಮಲಗಿಸಬಹುದು. ಸ್ಪಷ್ಟತೆ ಕೊಂಚ ಕಡಿಮೆ, ನಿಧಾನವೂ ಹೌದು. ಆದರೆ ಚಿತ್ರದಾಚೆಯ ಕಪ್ಪು ಅಂಚಿನವರೆಗೂ ಎಲ್ಲವೂ ಪರದೆಯ ಮೇಲೆ ಬಂತು. ದ್ರೌಪತಿ ಅದನ್ನೇ ಆರಿಸಿದಳು.

ತೊಂದರೆ ತಪ್ಪಲಿಲ್ಲ. ನೆಗೆಟಿವಿನ ಹೊಳೆಯುವ ಮೈ ಗಾಜಿಗೆ ತಾಗಿದರೆ ನೀರಿನ ಮೇಲೆ ಎಣ್ಣೆ ಚೆಲ್ಲಿದಂಥ ಬಣ್ಣದ ಉಂಗುರಗಳು ಏಳುತ್ತಿದ್ದವು. ಮಂಕು ಮೈ ಕೆಳಗೆ ಮಾಡಿದಳು. ಉಂಗುರಗಳು ಹೋದವು, ಆದರೆ ಚಿತ್ರ ಕನ್ನಡಿಯಲ್ಲಿದ್ದಂತೆ ತಿರುಗಿತು. ಮೊದಲು ಕಂಡುಹಿಡಿದವರು ಮಾಣಿಕಮ್ಮ: “ಏ ದ್ರೌಪತಿ, ನಮ್ಮ ಯಜಮಾನ್ರ ಅಂಗಿ ಕಿಸೆ ಬಲಗಡಿ ಯಾಕ ಬಂತ? ಸತ್ತ ಮ್ಯಾಲ ದರ್ಜಿ ಬದಲು ಮಾಡ್ಯಾರೇನು?” ಅಂದಿನಿಂದ ಪ್ರತಿ ಚಿತ್ರವನ್ನೂ ಕಂಪ್ಯೂಟರಿನಲ್ಲಿ ಮತ್ತೆ ತಿರುಗಿಸುವುದು ರೂಢಿಯಾಗಿದೆ.

ಒಂದು ನಸುಕಿಗೆ ಹತ್ತು ಹನ್ನೆರಡು ಚಿತ್ರ, ಅಷ್ಟೆ. ಆಮೇಲೆ ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಸಂಜೆಯವರೆಗೆ ದುಡಿಮೆ. ವೀರಭದ್ರಪ್ಪ ತೆಗೆದ ನಾರಾಯಣಪುರದ ಗುಡಿಯ ಸ್ಲೈಡುಗಳು ಇನ್ನೂ ಉಳಿದಿವೆ. ಆ ಶಿಲ್ಪಗಳ ಪಕ್ಕದಲ್ಲೂ ಪೊರಕೆ ಹಿಡಿದವಳೊಬ್ಬಳು ಇದ್ದಾಳಂತೆ.

ಇವತ್ತು ಕೆಲಸ ಮುಗಿಯುವ ಮೊದಲೇ ಶಾಲೆಯ ಕಮಿಟಿಯ ತುಳಜಾರಾಮ ಬಂದಿದ್ದಾರೆ. ಗೋಡೆಯ ಫೋಟೊ ಮಾಸಿದೆ, ಶಾಲೆಯ ಸಮಾರಂಭಕ್ಕೆ ಹೊಸದು ಬೇಕು. ದ್ರೌಪತಿ ಪರದೆಯ ಮೇಲೆ ತೋರಿಸುತ್ತಾಳೆ. ಸಾಲು ಸಾಲು ರುಮಾಲು, ಟೋಪಿ, ಹೂಮಾಲೆ. ಬಲತುದಿಯಲ್ಲಿ ಕಲ್ಲು ಹೊರಲು ತಲೆಯ ಮೇಲಿಟ್ಟ ಸಿಂಬಿಯನ್ನೂ ತೆಗೆಯದೆ ನಿಂತ ಹೆಂಗಸರು.

“ಛಲೋ ಬಂದದ. ಈ ತುದಿ ಒಂದು ತೆಗದ್ಬಿಡು. ಮೊದಲ ಹ್ಯಾಂಗಿತ್ತೋ ಹಂಗ ಇರ್ಲಿ” ಎನ್ನುತ್ತಾರೆ ತುಳಜಾರಾಮ.

“ಅದು ನಮ್ಮವ್ವ ರೀ.”

“ಇರಬಹುದವ್ವಾ. ದೊಡ್ಡವರ ಫೋಟೊ ಅದು.” ಅವರು ಮಾಣಿಕಮ್ಮನ ಕಡೆ ತಿರುಗುತ್ತಾರೆ. “ನೀವರ ಹೇಳ್ರಿ ಅಮ್ಮಾರ, ನಿಮ್ಮ ಆಳಿಗೆ.”

“ನನ್ನ ಕಡಿ ಯಾರೂ ಆಳಿಲ್ರಿ” ಎಂದು ಮಾಣಿಕಮ್ಮ ಅವರ ಮುಂದೆ ಚಹಾ ಇಡುತ್ತಾರೆ. “ಯಂತ್ರ ಆಕಿದು. ಆಕಿನ್ನೇ ಕೇಳ್ರಿ.”

ತುಳಜಾರಾಮ ಬೆರಳನ್ನು ಪರದೆಯ ಬಲತುದಿಗೆ ಒತ್ತುತ್ತಾರೆ. “ಇಷ್ಟೇ ಅದ, ನಾಕು ಬೆರಳು. ತೆಗಿ.”

ದ್ರೌಪತಿ ಅವರ ಬೆರಳಿನ ಗುರುತನ್ನು ಸೀರೆಯ ತುಂಡಿನಿಂದ ಒರೆಸುತ್ತಾಳೆ.

“ತೆಗಿಯಂಗಿಲ್ರಿ.”