ವಿಮಲಾಬಾಯಿಯ ದಾಟಿ

ಪದ ಬರೆದವನ ಅಂಕಿತ ಪದದ ಕೊನೆಗೆ ಇರುತ್ತದೆ. ಅದನ್ನು ಹಾಡುವ ದಾಟಿ ಕಟ್ಟಿದವರ ಹೆಸರು ಎಲ್ಲೂ ಇರುವುದಿಲ್ಲ. ಭಜನೆಗೆ ಒಂದು ಸಲ ಕೂತವರಿಗೂ ಇದು ಗೊತ್ತಿರಬೇಕು. ಗೊತ್ತಿದ್ದೂ ನಾವು ತಾಳ ಕುಟ್ಟಿ, ಪ್ರಸಾದ ತಿಂದು ಮನೆಗೆ ಬರುತ್ತೇವೆ.

ದಾಳಿಂಬವೆಂಬ ಊರಿನ ವಿಮಲಾಬಾಯಿಗೆ ಮಾತ್ರ ಅದು ಕಾಲಿನ ಮುಳ್ಳಾಗಿತ್ತು. ಗಂಡಸರು ಹಾಡುವ ಹಳೆಯ ತತ್ವಪದವೊಂದು ಹೆಂಗಸರ ಗಂಟಲಿಗೆ ಎಟಕುತ್ತಿರಲಿಲ್ಲ. ತೊಗರಿ ಹೊಲದಲ್ಲಿ ಕಳೆ ಕೀಳುತ್ತ ಆಕೆ ಅದರ ಸ್ವರ ಕೆಳಗಿಳಿಸಿ ಬೇರೆ ದಾಟಿ ಕಟ್ಟಿದಳು. ಬದುವಿನ ಹತ್ತಿರ ಹೊರಳುವ ಮುಂಚೆ ಎತ್ತು ಒಂದು ಗಳಿಗೆ ನಿಲ್ಲುತ್ತದಲ್ಲ, ಮೂರನೆಯ ಸಾಲಿನಲ್ಲಿ ಹಾಗೊಂದು ನಿಲುಗಡೆ ಇಟ್ಟಳು. ಊರ ಹೆಂಗಸರೆಲ್ಲ ಕಲಿತರು. ತೊಟ್ಟಿಲ ಕಾರ್ಯವೊಂದಕ್ಕೆ ಹಾರ್ಮೋನಿಯಂ ಪೇಟಿ ಬಾರಿಸಲು ಬಂದಿದ್ದ ಮುರುಮ ಊರಿನ ಗುರುಲಿಂಗನೂ ಕಲಿತ. ಉಮರ್ಗಾದಿಂದ ಉದಗೀರದವರೆಗೆ ಅದು ‘ಗುರುಲಿಂಗನ ದಾಟಿ’ ಆಗಿಹೋಯಿತು.

ಅಂದಿನಿಂದ ಆಕೆಗೆ ಅವನದೆಲ್ಲದರ ಮೇಲೂ ಹೊಟ್ಟೆಕಿಚ್ಚು. ಅವನ ಹೊಸ ಪೇಟಿ, ಜರಿ ರುಮಾಲು, ಮುಂದಿನ ಸಾಲಿನಲ್ಲಿ ಕೂರುವ ಅವನ ಹೆಂಡತಿ. “ಏನ್ ದನೀರೀ ಅದು? ಮಳಿಗಾಲದಾಗ ಉಬ್ಬಿದ ಕದಾ ತಗದಂಗ!” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಆಕೆ ಜೋಳ ಹಸನು ಮಾಡುತ್ತಿದ್ದಾಗ ಸೊಸೆ ಸಪ್ನಾ ಮೊಬೈಲು ತಂದಳು.

“ಅತ್ತಿ, ಇದು ನೋಡ್ರಿ. ಐರ್ಲೆಂಡ್ ದೇಶದಾಗ ಕಾರ್ಕ್ ಅಂತ ಶಹರ.”

ವಿಡಿಯೋದಲ್ಲಿ ದೇಶ ತಿರುಗುವ ಯಾವನೋ ಹುಡುಗ ಹಿಂದಿಯಲ್ಲಿ ವಿವರಿಸುತ್ತಿದ್ದ. ಚರ್ಚಿನ ಗೋಪುರದಲ್ಲಿ ಗಂಟೆಗಳು; ಬಂದವರು ಹಗ್ಗ ಜಗ್ಗಿ ರಾಗ ನುಡಿಸಬಹುದು.

“ಯಾರ್ ಬೇಕಾದವ್ರು ಜಗ್ತಾರ? ಪೂಜಾರಿ ಬೈಯಲ್ಲಾ?”

ಮೊಣಕೈಯಿಂದ ಗಾಳಿ ಒತ್ತಿ ಕೊಳವೆ ವಾದ್ಯ ನುಡಿಸುವವರ ಸಂಘವೊಂದು ಅಲ್ಲಿ ನೂರು ವರ್ಷ ದಾಟಿಯೂ ನಡೆಯುತ್ತಿದೆಯಂತೆ. ಆಮೇಲೆ ಒಂದು ಹೆಂಡದಂಗಡಿ. ವೇದಿಕೆಯಿಲ್ಲ, ಮೈಕಿಲ್ಲ, ಮೇಜಿನ ಸುತ್ತ ಮುದುಕರು, ಹುಡುಗಿಯರು. ಪಿಟೀಲು ಹಿಡಿದ ಒಬ್ಬಾಕೆ ನುಡಿಸುವ ಮುಂಚೆ ಏನೋ ಹೇಳಿದಳು. ಹುಡುಗ ಹಿಂದಿಗೆ ತಿರುಗಿಸಿದ: ಈ ದಾಟಿ ಇಲ್ಲಿಯ ಸಂತೆಯಲ್ಲಿ ಮೀನು ಮಾರುತ್ತಿದ್ದವಳದು, ಇವತ್ತಿಗೂ ಅವಳ ಹೆಸರಿನಿಂದಲೇ ಕರೆಯುತ್ತಾರೆ.

ವಿಮಲಾಬಾಯಿಯ ಕೈಯಲ್ಲಿ ಮೊರ ನಿಂತಿತು.

“ಮೀನ ಮಾರಾಕಿ?”

“ಹೂಂ ರೀ.”

“ಅದಾಳೇನು?”

“ಎಲ್ಲಿ ರೀ, ಸತ್ತು ಭಾಳ ವರ್ಷ ಆತಂತ.”

“ಸತ್ತ ಮೀನಗಾರ್ತಿಗಿ ಹೆಸರ ಅದಾ. ಕೊರಳಾಗ ಲಿಂಗ ಕಟ್ಕೊಂಡು ಜಿವಂತ ಕುಂತೀನಿ, ನನಗಿಲ್ಲಾ!”

ಆ ಮಾತಿನಲ್ಲಿ ಜಾತಿಯ ಸೊಕ್ಕೂ ಇತ್ತು, ಮುಚ್ಚಿಡಬೇಕಾಗಿಲ್ಲ. ಆದರೆ ಉರಿ ಸುಳ್ಳಲ್ಲ.

“ಆಕಿ ಮ್ಯಾಲ ಯಾಕ್ ಸಿಟ್ಟರೀ ಅತ್ತಿ? ಆಕಿ ಏನ್ ಮಾಡ್ಯಾಳ?”

“ಏನೂ ಮಾಡಿಲ್ಲ, ಅದಕ್ಕ ಸಿಟ್ಟು. ನಾ ಬಡಕೊಂಡ್ರೂ ಕೊಡವಲ್ರು. ಆಕಿಗಿ ಸತ್ತ ಮ್ಯಾಲೂ ಬಿಡವಲ್ರು.”

ಶ್ರಾವಣ ಸೋಮವಾರ ನಿಲಂಗಾದಲ್ಲಿ ಭಜನೆ. ಗಂಡ ಮಾಣಿಕಪ್ಪನ ಜೊತೆ ಆಕೆಯೂ ಹೋದಳು. ಗುರುಲಿಂಗ ಮೈಕಿನ ಮುಂದೆ ಕೂತು, “ಈಗ ನಮ್ಮ ದಾಟಿ” ಎಂದು ಪೇಟಿ ಒತ್ತಿದ್ದೇ ತಡ, ಹೆಂಗಸರ ನಡುವಿನಿಂದ ವಿಮಲಾಬಾಯಿ ಎದ್ದಳು.

“ಗುರುಲಿಂಗ, ನಿಲ್ಸು. ಆ ದಾಟಿ ಯಾರ ಬಲ್ಲಿ ಕಲ್ತಿ? ಹೇಳಿ ಹಾಡು.”

ಗುರುಲಿಂಗ ಪೇಟಿಯಿಂದ ಕೈ ತೆಗೆದ. ನಕ್ಕ.

“ಖರೇ ಅದಾ ವೈನಿ, ನಂದು ತಪ್ಪಾತು.” ಮೈಕು ಹತ್ತಿರ ಎಳೆದುಕೊಂಡ. “ಕೇಳ್ರಿ ಎಲ್ಲಾರೂ! ಈ ದಾಟಿ ನಂದಲ್ಲ. ದಾಳಿಂಬದ ಮಾಣಿಕಪ್ಪಣ್ಣೋರ ಮನೀದು. ಅವರಿಗಿ ಒಂದ್ ಜೋರ್ ಚಪ್ಪಾಳಿ!”

ಚಪ್ಪಾಳೆ ಬಿತ್ತು. ಕಂಬಕ್ಕೊರಗಿ ತೂಕಡಿಸುತ್ತಿದ್ದ ಮಾಣಿಕಪ್ಪನನ್ನು ರಟ್ಟೆ ಹಿಡಿದು ಎಬ್ಬಿಸಿದರು. ತಾಳ ಕೊಟ್ಟರೆ ತಗಡು ಬಡಿದಂತೆ ಬಡಿಯುವ ಮನುಷ್ಯ. ಅವನಿಗೆ ಶಾಲು ಹೊದಿಸಿ ಕೈಯಲ್ಲಿ ತೆಂಗಿನಕಾಯಿ ಇಟ್ಟರು. ವಿಮಲಾಬಾಯಿ ಇನ್ನೂ ನಿಂತೇ ಇದ್ದಳು. ಹಿಂದಿನಿಂದ ಯಾರೋ, “ಕೂಡ್ರಿ ಬಾಯಿ, ಕಾಣವಲ್ದು” ಎಂದರು.

ವಾಪಸು ಬರುವಾಗ ಆಟೋದಲ್ಲಿ ಪಕ್ಕದವನು ಕೈ ಮುಗಿದ. “ಕಾಕಾ, ಭಾಳ ಛಂದ ಕಟ್ಟೀರಿ ದಾಟಿ.”

“ಏನೋ, ದೇವರ ಕೃಪಾ,” ಎಂದ ಮಾಣಿಕಪ್ಪ.

ಆಟೋ ಇಳಿದ ಮೇಲೆ ಅವನು ಶಾಲು ಮುಂದೆ ಹಿಡಿದ. “ತಗೋ, ನೀನೇ ಹೊದ್ಕೊ. ಥಂಡಿ ಅದಾ.”

“ನಿಮ್ಮ ಹೆಸರಿಗಿ ಬಂದದ್ದು, ನೀವೇ ಹೊದ್ಕೋರಿ.”

“ನಾ ಏನ್ ಕೇಳಿದ್ನೇನು?”

“ಕೇಳಲಿಲ್ಲ. ನಂದಲ್ಲ ಅಂತನೂ ಅನ್ನಲಿಲ್ಲ.”

ಗುರುಲಿಂಗ ಪರಊರಿನವನು, ಮೀನಿನವಳು ಪರದೇಶದವಳು. ಅವರ ಮೇಲಿನ ಕಿಚ್ಚನ್ನು ಬೈದಾದರೂ ಆರಿಸಬಹುದಿತ್ತು. ಈಗ ಕಿಚ್ಚು ಮನೆಯೊಳಗೇ ಬಂದು ಕೂತಿದೆ, ದಿನಾ ಎರಡು ಹೊತ್ತು ಆಕೆಯೇ ಬಡಿದ ರೊಟ್ಟಿ ಉಣ್ಣುತ್ತದೆ. ಊರೂರಲ್ಲಿ ಈಗ ‘ಮಾಣಿಕಪ್ಪನ ದಾಟಿ’ ಎನ್ನುತ್ತಾರೆ. ನ್ಯಾಯ ಮಾಡಿದೆವೆಂದು ಎಲ್ಲರಿಗೂ ಸಮಾಧಾನ.

ಕಾರ್ಕಿನಲ್ಲಿ ಮೇಜಿನ ಸುತ್ತ ಕೂತವರಿಗೆ ನಮಗಿಂತ ಹೆಚ್ಚಿನ ಸ್ವರಗಳೇನೂ ಗೊತ್ತಿಲ್ಲ. ಹೆಸರು ಹೇಳಲು ಬಾಯಿ ಬರುತ್ತದೆ, ಅಷ್ಟೇ. ನೀವು ಬರುವ ಸೋಮವಾರ ಭಜನೆಗೆ ಹೋಗುತ್ತೀರಿ. ‘ಮಾಣಿಕಪ್ಪನ ದಾಟಿ’ ಎಂದು ಯಾರಾದರೂ ಪೇಟಿ ಒತ್ತಿದರೆ ತಾಳ ಕೆಳಗಿಡಿ. ಅವನ ಹೆಂಡತಿಯ ಹೆಸರೇನೆಂದು ಕೇಳಿ. ಮೈಕಿನಲ್ಲಿ ಹೇಳುವವರೆಗೆ ತಾಳ ಎತ್ತಬೇಡಿ.